ತಂತಿ ಬಗ್ಗದ ಎಲೆಕ್ಟ್ರಿಕ್ ಗಿಟಾರನ್ನು ಹದಕ್ಕೆ ತರುವುದು

ಆಟಿ ತಿಂಗಳ ಒಂದು ಸಂಜೆ, ಸುರಿಯುವ ಮಳೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯ ಜಗಲಿ ಹತ್ತಿದ. ಅವನು ನೆನೆದು ತೊಪ್ಪೆಯಾಗಿದ್ದರೂ ಪ್ಲಾಸ್ಟಿಕ್ ಹಾಳೆ ಸುತ್ತಿದ ಗಿಟಾರಿಗೆ ಒಂದು ಹನಿಯೂ ತಾಗಿರಲಿಲ್ಲ. "ಮಾಷ್ಟ್ರೇ, ಇದನ್ನು ಅರ್ಧ ಗಂಟೆ ನುಡಿಸಿದರೆ ಬೆರಳ ತುದಿ ಸುಡುತ್ತದೆ. ತಂತಿ ಬಗ್ಗುವುದೇ ಇಲ್ಲ. ಮಾರಿಬಿಡಲೇ?" ಎಂದ. ಮಂಗಳೂರಿನಲ್ಲಿ ಯಾರಿಂದಲೋ ಕೊಂಡ ಹಳೆಯ ಎಲೆಕ್ಟ್ರಿಕ್ ಗಿಟಾರ್ ಅದು. ಬಿಚ್ಚಿ ನೋಡಿದರೆ ಅದಕ್ಕೆ ಹಾಕಿದ್ದು ಅಕೂಸ್ಟಿಕ್ ಗಿಟಾರಿನ ಕಂಚಿನ ತಂತಿಗಳು! ಮೂರನೆಯ ತಂತಿಗೂ ಸುತ್ತು ಇತ್ತು. ಅಂಥದ್ದನ್ನು ಒಂದು ಸ್ವರದಷ್ಟು ಎಳೆಯಬೇಕೆಂದರೆ ಗರಡಿಯ ತೋಳೇ ಬೇಕು.

ಎಲ್ಲರ ಗಿಟಾರಿನ ರೋಗವೂ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. "ಬಿಗಿ" ಎಂಬ ಒಂದೇ ದೂರಿನ ಹಿಂದೆ ನಾಲ್ಕೈದು ಬೇರೆ ಬೇರೆ ಕಾರಣಗಳು ಅಡಗಿರುತ್ತವೆ. ಹೆಚ್ಚಿನವರು ಎಲ್ಲಕ್ಕೂ ಒಂದೇ ಮದ್ದು ಹುಡುಕುತ್ತಾರೆ. ಒಬ್ಬ ತೆಳು ತಂತಿ ಕೊಳ್ಳುತ್ತಾನೆ, ಇನ್ನೊಬ್ಬ ಕಂಡ ಸ್ಕ್ರೂವನ್ನೆಲ್ಲ ತಿರುಗಿಸುತ್ತಾನೆ. ಎರಡನೆಯವನು ಒಂದು ಕಾಲದಲ್ಲಿ ನಾನೇ ಆಗಿದ್ದೆ, ಆ ಕತೆ ಮುಂದೆ ಬರುತ್ತದೆ.

ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ. ತಂತಿಯ ಉದ್ದ, ದಪ್ಪ, ಶ್ರುತಿ ಈ ಮೂರೂ ಒಂದೇ ಆಗಿದ್ದರೆ ಅದರ ಎಳೆತವೂ ಒಂದೇ. ಗಿಟಾರ್ ಐದು ಸಾವಿರದ್ದಾದರೂ ಅಷ್ಟೇ, ಐದು ಲಕ್ಷದ್ದಾದರೂ ಅಷ್ಟೇ. ಆದರೂ ಒಂದು ಬೆಣ್ಣೆಯಂತೆ ಬಗ್ಗುತ್ತದೆ, ಇನ್ನೊಂದು ಬಗ್ಗುವುದಿಲ್ಲ. ಹಾಗಾದರೆ ವ್ಯತ್ಯಾಸ ತಂತಿಯ ಎತ್ತರದಲ್ಲಿರಬೇಕು, ಅಥವಾ ತಂತಿ ಎಲ್ಲೋ ಉಜ್ಜಿಕೊಂಡು ತಡೆಯುತ್ತಿರಬೇಕು. ದುರಸ್ತಿಯ ಹೆಚ್ಚಿನ ಕೆಲಸ ಇರುವುದು ಅಲ್ಲಿಯೇ.

ಮೊದಲು ರೋಗ ಎಲ್ಲಿದೆ ನೋಡಿ

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಹತ್ತು ನಿಮಿಷ ನುಡಿಸಿ. ಒಂದನೆಯ ಫ್ರೆಟ್ಟಿನಲ್ಲಿ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಯೇ ಫ್ರೆಟ್) ತಂತಿ ಒತ್ತುವುದು ಕಷ್ಟ, ಅಲ್ಲಿ ಆರೂ ತಂತಿಗಳನ್ನು ಒಟ್ಟಿಗೆ ಅದುಮಿ ಹಿಡಿಯುವ ಕೆಪೋ ಹಾಕಿದ ಕೂಡಲೇ ಎಲ್ಲ ಹಗುರವಾಯಿತು ಎಂದಾದರೆ ತೊಂದರೆ ತಲೆಯ ಬುಡದ ನಟ್‌ನಲ್ಲಿದೆ. ಕೆಪೋ ಇಲ್ಲದಿದ್ದರೆ ಒಂದು ಪೆನ್ಸಿಲನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಕಟ್ಟಿದರೂ ಸಾಕು. ದೇಹದ ಕಡೆಯ ಫ್ರೆಟ್ಟುಗಳತ್ತ ಹೋದಂತೆ ಕಷ್ಟ ಹೆಚ್ಚಿದರೆ ಕತ್ತಿನ ಬಾಗುವಿಕೆಯೋ, ದೇಹದ ಮೇಲೆ ತಂತಿಗಳನ್ನು ಹೊತ್ತಿರುವ ಬ್ರಿಜ್ಜಿನ ಎತ್ತರವೋ ಕಾರಣ. ಒತ್ತುವುದು ಹಗುರ, ಆದರೆ ಪಕ್ಕಕ್ಕೆ ಎಳೆಯುವಾಗ ಕರಕರ ಎಂದು ಕಲ್ಲಿನ ಮೇಲೆ ಎಳೆದಂತಾಗುತ್ತದೆಯೇ? ಅದು ಫ್ರೆಟ್ಟಿನ ಮೇಲ್ಮೈಯ ದೋಷ. ಇವು ಯಾವುವೂ ಅಲ್ಲ, ನುಣ್ಣಗೆ ಜಾರುತ್ತದೆ, ಆದರೆ ಬೇಕಾದ ಸ್ವರ ಮುಟ್ಟುವ ಮೊದಲೇ ಬೆರಳು ಸೋಲುತ್ತದೆ ಎಂದರೆ ತಂತಿ ದಪ್ಪ, ಇಲ್ಲವೇ ಕೈಯ ಕ್ರಮ ತಪ್ಪು.

ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ನಾಳೆ ಏನು ಬದಲಾಯಿತು ಎಂದು ಹೇಳುವುದು ಆ ಚೀಟಿಯೇ, ನೆನಪಲ್ಲ.

ತಂತಿಯ ಲೆಕ್ಕ

ಎಲೆಕ್ಟ್ರಿಕ್ ಗಿಟಾರಿಗೆ ಸಾಮಾನ್ಯವಾಗಿ ಸಿಗುವುದು "ಹತ್ತರ ಸೆಟ್" ಮತ್ತು "ಒಂಬತ್ತರ ಸೆಟ್". ಹೆಸರು ಬಂದದ್ದು ಅತಿ ತೆಳುವಾದ ಒಂದನೆಯ ತಂತಿಯ ದಪ್ಪದಿಂದ: ಇಂಚಿನ ಸಾವಿರದ ಹತ್ತು ಭಾಗ ಅಥವಾ ಒಂಬತ್ತು ಭಾಗ. ಒಂದೇ ಒಂದು ಭಾಗದ ವ್ಯತ್ಯಾಸಕ್ಕೆ ಏನಾದೀತು ಎನಿಸಬಹುದು. ಆದರೆ ಎಳೆತ ಏರುವುದು ದಪ್ಪದ ವರ್ಗದ ಲೆಕ್ಕದಲ್ಲಿ. ನುಡಿಯುವ ತಂತಿಯ ಉದ್ದ 25.5 ಇಂಚು ಇರುವ ಗಿಟಾರಿನಲ್ಲಿ ಹತ್ತರ ಒಂದನೆಯ ತಂತಿಗೆ ಸುಮಾರು 7.3 ಕಿಲೋ ಎಳೆತ, ಒಂಬತ್ತರದ್ದಕ್ಕೆ ಸುಮಾರು 6 ಕಿಲೋ. ಆರೂ ತಂತಿ ಸೇರಿದರೆ ಹತ್ತರ ಸೆಟ್ ಸುಮಾರು 47 ಕಿಲೋ, ಒಂಬತ್ತರ ಸೆಟ್ ಸುಮಾರು 39 ಕಿಲೋ. ಆ ಹುಡುಗನ ಗಿಟಾರಿನಲ್ಲಿದ್ದ ಹನ್ನೆರಡರ ಕಂಚಿನ ಸೆಟ್ 70 ಕಿಲೋಗೂ ಹೆಚ್ಚು. ಪಾಪ, ಕತ್ತು ಮುರಿಯದಿದ್ದದ್ದೇ ದೊಡ್ಡದು.

ಹಾಗಾಗಿ ಬೆಂಡ್, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದನ್ನು ಕಲಿಯುತ್ತಿರುವವರಿಗೆ ನನ್ನ ಸಲಹೆ ಒಂಬತ್ತರ ಸೆಟ್. ತೆಳು ತಂತಿಯಲ್ಲಿ ನಾದ ತೆಳುವಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಸ್ವಲ್ಪ ನಿಜವಿರಬಹುದು, ಆದರೆ ಆಂಪ್ಲಿಫೈಯರಿನ ಗುಂಡಿ ಒಂದಿಷ್ಟು ತಿರುಗಿಸಿದರೆ ಅದು ತುಂಬಿಬರುತ್ತದೆ. ಚೆಂಡೆಗೆ ಬಿಗಿದಷ್ಟೂ ನಾದ ಎಂಬ ಮಾತನ್ನು ಗಿಟಾರಿಗೆ ತರಬೇಡಿ.

ಅಂಗಡಿಯಲ್ಲಿ ಕೇಳುವಾಗ "ಎಲೆಕ್ಟ್ರಿಕ್ ಗಿಟಾರಿನ ನಿಕ್ಕಲ್ ತಂತಿ" ಎಂದೇ ಬಿಡಿಸಿ ಹೇಳಿ. ಸಣ್ಣ ಊರುಗಳಲ್ಲಿ ಹೆಚ್ಚು ಮಾರಾಟವಾಗುವುದು ಅಕೂಸ್ಟಿಕ್ ತಂತಿ. "ಗಿಟಾರ್ ತಂತಿ" ಎಂದಷ್ಟೇ ಹೇಳಿದರೆ ಅದೇ ಕೈಗೆ ಬರುತ್ತದೆ. ಅದು ಬಿಗಿ ಮಾತ್ರವಲ್ಲ, ಕಂಚಿನ ಸುತ್ತಿಗೆ ಕಾಂತದ ಗುಣವಿಲ್ಲದ ಕಾರಣ, ತಂತಿಯ ಕಂಪನ ಹಿಡಿಯುವ ಕಾಂತವಾದ ಪಿಕಪ್ಪಿಗೆ ಸರಿಯಾಗಿ ಕೇಳಿಸುವುದೂ ಇಲ್ಲ.

ಹೊಸ ತಂತಿ ಕೊಳ್ಳಲು ಕಾಸಿಲ್ಲ ಎಂದಿದ್ದರೆ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿ. ಎಳೆತ ಸುಮಾರು ಶೇಕಡ 11ರಷ್ಟು ಇಳಿಯುತ್ತದೆ. ಹತ್ತರ ಸೆಟ್ ಒಂಬತ್ತರ ಹತ್ತಿರಕ್ಕೆ ಬರುತ್ತದೆ. ಹಾಡುವವರ ಗಂಟಲಿಗೂ ಇದು ಸುಖ.

ತಂತಿ ಬಿಚ್ಚಿದಾಗ ಫ್ರೆಟ್ಟಿನ ಕೆಲಸ

ನಮ್ಮ ಕರಾವಳಿಯಲ್ಲಿ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೇಸಗೆಯಲ್ಲಿ ಬೆವರು, ವರ್ಷವಿಡೀ ಸಮುದ್ರದ ಉಪ್ಪುಗಾಳಿ. ಮೂರು ತಿಂಗಳು ಮೂಲೆಯಲ್ಲಿ ಒರಗಿಸಿಟ್ಟ ಗಿಟಾರಿನ ಫ್ರೆಟ್ಟುಗಳ ಮೇಲೆ ಮಂಕು ಪೊರೆ ಕಟ್ಟುತ್ತದೆ, ತಂತಿಯ ಕೆಳಮೈಗೆ ತುಕ್ಕು ಹಿಡಿಯುತ್ತದೆ. ಎರಡು ಒರಟು ಲೋಹಗಳು ಒಂದರ ಮೇಲೊಂದು ಉಜ್ಜಿದರೆ ಬೆಂಡ್ ಹೇಗೆ ಜಾರಬೇಕು?

ತಂತಿಗಳನ್ನು ನಿಧಾನವಾಗಿ ಸಡಿಲಿಸಿ ತೆಗೆಯಿರಿ. ಬ್ರಿಜ್ ಅಲ್ಲಾಡುವ ಬಗೆಯದಾದರೆ, ಅಂದರೆ ಟ್ರೆಮೊಲೊ ಇದ್ದರೆ, ಮೊದಲು ಅದರ ಅಡಿಗೆ ಮಡಚಿದ ಬಟ್ಟೆ ತುರುಕಿ. ಇಲ್ಲವಾದರೆ ಹಿಂದಿನ ಸ್ಪ್ರಿಂಗುಗಳು ಅದನ್ನು ಸರಕ್ಕನೆ ಎಳೆದುಕೊಳ್ಳುತ್ತವೆ. ಆಮೇಲೆ ಫ್ರೆಟ್ಟುಗಳ ನಡುವಿನ ಮರಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಲೋಹ ಮಾತ್ರ ಹೊರಗೆ ಕಾಣುವಂತೆ. ಕಾರಿಗೆ ಬಣ್ಣ ಹೊಡೆಯುವವರು ಬಳಸುವ 2,000 ನಂಬರಿನ ವಾಟರ್ ಪೇಪರ್ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಅದರ ತುಂಡಿನಿಂದ ಪ್ರತಿ ಫ್ರೆಟ್ಟನ್ನು ಹಗುರವಾಗಿ ತಿಕ್ಕಿ. ಕೊನೆಯ ಉಜ್ಜುವಿಕೆ ಫ್ರೆಟ್ಟಿನ ಉದ್ದಕ್ಕೇ, ಅಂದರೆ ಕತ್ತಿಗೆ ಅಡ್ಡಲಾಗಿ ಇರಲಿ. ಬೆಂಡ್ ಮಾಡುವಾಗ ತಂತಿ ಜಾರುವ ದಿಕ್ಕೂ ಅದೇ ಅಲ್ಲವೇ? ಗೀರುಗಳು ಆ ದಿಕ್ಕಿಗೆ ಸಾಲಾಗಿದ್ದರೆ ತಂತಿ ಎಲ್ಲಿಯೂ ತೊಡಕುವುದಿಲ್ಲ. ಆಮೇಲೆ ಲೋಹದ ಪಾಲಿಶ್ ಒಂದು ತೊಟ್ಟು, ಹಳೆಯ ಬನಿಯನ್ನಿನ ಬಟ್ಟೆ, ಮುಖ ಕಾಣುವಷ್ಟು ಹೊಳಪು. ಈ ಕೆಲಸಕ್ಕೆ ಸ್ಟೀಲ್ ವೂಲ್ ಬೇಡ. ಅದರ ಪುಡಿ ಪಿಕಪ್ಪಿನ ಕಾಂತಕ್ಕೆ ಅಂಟಿಕೊಂಡು, ನಮ್ಮ ಹವೆಗೆ ಅಲ್ಲೇ ತುಕ್ಕು ಹಿಡಿದು ಕೂರುತ್ತದೆ. ದೀಪ ಬೆಳಗುವ ಹುಣಸೆಹಣ್ಣೂ ಬೇಡ. ಕೇಳಿದವರಿದ್ದಾರೆ, ಅದಕ್ಕೇ ಬರೆದೆ.

ಇನ್ನು ತೆಂಗಿನೆಣ್ಣೆ. ವೀಣೆ ನುಡಿಸುವವರು ಬೆರಳು ಜಾರಲೆಂದು ಎಣ್ಣೆ ಸವರಿಕೊಳ್ಳುವುದನ್ನು ನೋಡಿ ನಾನೂ ಒಮ್ಮೆ ಗಿಟಾರಿನ ಪಟ್ಟಿಗೆ, ಅಂದರೆ ಫ್ರೆಟ್ಟುಗಳು ಕೂತಿರುವ ಮರಕ್ಕೆ, ತೆಂಗಿನೆಣ್ಣೆ ಹಚ್ಚಿದ್ದೆ. ವೀಣೆಯಲ್ಲಿ ಬೆರಳು ಮರವನ್ನು ಮುಟ್ಟುವುದೇ ಇಲ್ಲ. ಗಿಟಾರಿನಲ್ಲಿ ಅದು ಮರಕ್ಕೆ ಇಳಿದು, ಕೆಲವು ವಾರಗಳಲ್ಲಿ ಕಮಟು ವಾಸನೆ ಹೊಡೆದು, ಧೂಳು ಹಿಡಿದು ಅಂಟಾಯಿತು. ಕಪ್ಪು ರೋಸ್‌ವುಡ್ ಪಟ್ಟಿಗೆ ಅದಕ್ಕೆಂದೇ ಸಿಗುವ ಎಣ್ಣೆ ವರ್ಷಕ್ಕೊಮ್ಮೆ ಎರಡು ಹನಿ ಸಾಕು. ಹೊಳಪು ಲೇಪವಿರುವ ಬಿಳಿಯ ಮೇಪಲ್ ಪಟ್ಟಿಗೆ ಅದೂ ಬೇಡ.

ಕತ್ತಿನ ಒಳಗಿನ ಸರಳು

ಹೊಸ ತಂತಿ ಹಾಕಿ, ನೀವು ನುಡಿಸುವ ಶ್ರುತಿಗೇ ಏರಿಸಿ. ಮುಂದಿನ ಎಲ್ಲ ಅಳತೆಯೂ ಶ್ರುತಿಯಾದ ಗಿಟಾರಿನಲ್ಲೇ ನಡೆಯಬೇಕು. ಟ್ರೆಮೊಲೊ ಇರುವ ಗಿಟಾರಿನಲ್ಲಿ ತಂತಿ ತೆಳುವಾದರೆ ಸ್ಪ್ರಿಂಗುಗಳ ಕೈ ಮೇಲಾಗಿ ಬ್ರಿಜ್ ಹಿಂದಕ್ಕೆ ಕುಸಿಯುತ್ತದೆ. ಬೆನ್ನಿನ ಮುಚ್ಚಳ ತೆಗೆದು, ಸ್ಪ್ರಿಂಗಿನ ಕೊಕ್ಕೆ ಹಿಡಿದಿರುವ ಎರಡು ಉದ್ದ ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ. ಬ್ರಿಜ್ ಮೊದಲಿನ ಜಾಗಕ್ಕೆ ಬರುವ ತನಕ ಇದೇ ಕೆಲಸ.

ಈಗ ಒಂದನೆಯ ಫ್ರೆಟ್ಟಿನಲ್ಲಿ ಕೆಪೋ ಹಾಕಿ, ಅತಿ ದಪ್ಪದ ತಂತಿಯನ್ನು ಕತ್ತು ದೇಹಕ್ಕೆ ಸೇರುವಲ್ಲಿನ ಫ್ರೆಟ್ಟಿನಲ್ಲಿ ಒತ್ತಿಹಿಡಿಯಿರಿ. ಈ ಎರಡು ಬಿಂದುಗಳ ನಡುವೆ ತಂತಿಯೇ ನೇರ ಗೆರೆ. ಏಳನೆಯ ಫ್ರೆಟ್ಟಿಗೂ ತಂತಿಗೂ ನಡುವೆ ಎಷ್ಟು ಸಂದು ಇದೆ? 0.2ರಿಂದ 0.3 ಮಿಲಿಮೀಟರ್ ಸರಿ. ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಮುದ್ರಣದ ಸಾಮಾನ್ಯ ಎ4 ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಎರಡು ಮೂರು ಪದರ ಮಡಚಿ ತೂರಿಸಿ ನೋಡಿ.

ಸಂದು ಅದಕ್ಕಿಂತ ಹೆಚ್ಚಿದ್ದರೆ ಕತ್ತಿನ ಒಳಗಿನ ಸರಳನ್ನು (ಟ್ರಸ್ ರಾಡ್) ಬಿಗಿಯಬೇಕು, ಅಂದರೆ ಅದರ ತುದಿಗೆ ಮುಖಮಾಡಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಸಂದೇ ಇಲ್ಲದಿದ್ದರೆ ವಿರುದ್ಧ ದಿಕ್ಕಿಗೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಬಿಗಿಯುವ ಮೊದಲು ತಂತಿಗಳನ್ನು ಕೊಂಚ ಇಳಿಸಿ, ತಿರುಗಿಸಿದ ಮೇಲೆ ಪುನಃ ಶ್ರುತಿ ಮಾಡಿ, ಕತ್ತಿಗೆ ಹೊಂದಿಕೊಳ್ಳಲು ಸಮಯ ಕೊಡಿ. ನಾನು ಒಂದು ರಾತ್ರಿಯೇ ಬಿಡುತ್ತೇನೆ. ಅಲೆನ್ ಕೀ ಸರಿಯಾದ ಅಳತೆಯದ್ದೇ ಆಗಿರಲಿ. ಕೆಲವು ಗಿಟಾರಿನದ್ದು ಇಂಚಿನ ಲೆಕ್ಕ, ಕೆಲವದ್ದು ಮಿಲಿಮೀಟರ್. ಸಡಿಲ ಕೀಲಿಯಿಂದ ತಿರುಗಿಸಿ ಒಳಗಿನ ಮೂಲೆಗಳನ್ನು ಸವೆಸಿದರೆ ಆಮೇಲೆ ದೇವರೇ ಗತಿ.

ನಾನು ಮಾಡಿದ ಎಡವಟ್ಟು ಇದೇ ಸರಳಿನದ್ದು. ಇದು ತಂತಿಯ ಬಿಗಿ ಇಳಿಸುವ ಸ್ಕ್ರೂ ಎಂದು ಭಾವಿಸಿ ಪೂರ್ತಿ ಒಂದು ಸುತ್ತು ತಿರುಗಿಸಿದೆ. ಕತ್ತು ಹಿಂದಕ್ಕೆ ಬಾಗಿತು, ಮೊದಲ ಮೂರು ಫ್ರೆಟ್ಟುಗಳಲ್ಲಿ ಜೀರುಂಡೆ ಕೂಗಿದಂತೆ ಸದ್ದು. ಆ ಸರಳಿಗೆ ಗೊತ್ತಿರುವುದು ಕತ್ತನ್ನು ನೇರವಾಗಿಸುವುದು ಒಂದೇ. ಶ್ರುತಿ ಬದಲಾಗದೆ ತಂತಿಯ ಎಳೆತ ಬದಲಾಗುವುದಿಲ್ಲ.

ಎಲ್ಲರೂ ಮರೆಯುವ ನಟ್

ತಲೆಯ ಬುಡದಲ್ಲಿ ತಂತಿಗಳು ಹಾದುಬರುವ ಆ ಬಿಳಿಯ ಪಟ್ಟಿಯೇ ನಟ್. ಹಾರ್ಡ್‌ವೇರ್ ಅಂಗಡಿಯಲ್ಲಿ ಈ ಹೆಸರು ಹೇಳಿದರೆ ಬೋಲ್ಟ್ ಸಮೇತ ಕಬ್ಬಿಣದ ನಟ್ ಕೊಡುತ್ತಾರೆ, ನಮ್ಮ ಕಾಸರಗೋಡಿನ ಏಳು ಭಾಷೆಯಲ್ಲಿ ಯಾವುದರಲ್ಲಿ ಕೇಳಿದರೂ ಅಷ್ಟೇ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಕಾರ್ಖಾನೆಯವರು ಇದರ ಸೀಳುಗಳನ್ನು ಬೇಕಾದಷ್ಟು ಆಳ ಮಾಡುವುದೇ ಇಲ್ಲ. ನನ್ನ ಕೈಗೆ ಬಂದ "ಬಿಗಿ" ಗಿಟಾರುಗಳಲ್ಲಿ ಅರ್ಧಕ್ಕೂ ಹೆಚ್ಚಿನದರ ರೋಗ ಇಲ್ಲೇ ಇತ್ತು.

ಪರೀಕ್ಷೆ ಸುಲಭ. ತಂತಿಯನ್ನು ಎರಡು ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ಒತ್ತಿ, ಒಂದನೆಯ ಫ್ರೆಟ್ಟಿನ ಮೇಲೆ ಬಗ್ಗಿ ನೋಡಿ. ಕೂದಲೆಳೆಯಷ್ಟು ಸಂದು ಇರಬೇಕು. ಮಡಚಿದ ಹಾಳೆ ಸಲೀಸಾಗಿ ತೂರುವಂತಿದ್ದರೆ ಸೀಳು ಎತ್ತರದಲ್ಲಿದೆ. ಸಂದೇ ಇಲ್ಲದಿದ್ದರೆ ಮುಟ್ಟಲೇಬೇಡಿ.

ಆಳ ಮಾಡಲು ಬೇಕಾದ ವಿಶೇಷ ಅರಗಳು ದುಬಾರಿ. ಗ್ಯಾಸ್ ವೆಲ್ಡಿಂಗಿನವರು ನಾಜಲ್ ಶುಚಿ ಮಾಡಲು ಬಳಸುವ ಒರಟು ಸೂಜಿಗಳ ಕಟ್ಟು ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ತಂತಿಯ ದಪ್ಪಕ್ಕೆ ಹೊಂದುವ ಸೂಜಿ ಆರಿಸಿ. ತಂತಿ ಸರಿಸಿ, ಸೂಜಿಯನ್ನು ತಲೆಯ ಕಡೆಗೆ ತುಸು ಇಳಿಜಾರಾಗಿ ಹಿಡಿದು ಎರಡು ಸಲ ಉಜ್ಜಿ, ತಂತಿ ಕೂರಿಸಿ ನೋಡಿ. ಮತ್ತೆ ಎರಡು ಸಲ. ಇಲ್ಲಿ ಆತುರಪಟ್ಟವನಿಗೆ ಕ್ಷಮೆಯಿಲ್ಲ: ಹೆಚ್ಚು ಆಳವಾದರೆ ಬಿಡಿ ತಂತಿ ಗುಂಯ್‌ಗುಡುತ್ತದೆ. ಅಡುಗೆ ಸೋಡಾದ ಪುಡಿ ತುಂಬಿಸಿ ಮೇಲೆ ಸೂಪರ್ ಗ್ಲೂ ಹನಿಸಿದರೆ ಕಲ್ಲಿನಂತೆ ಗಟ್ಟಿಯಾಗಿ ಸೀಳು ತುಂಬುತ್ತದೆ, ಪುನಃ ಕೊರೆಯಬಹುದು. ಆದರೂ ಅದು ತೇಪೆಯೇ.

ಎತ್ತರ ಸರಿಯಿದ್ದೂ ಸೀಳು ತಂತಿಯನ್ನು ಕಚ್ಚಿಹಿಡಿಯುವುದುಂಟು. ಶ್ರುತಿ ಮಾಡುವಾಗ ಟಿಕ್ ಎಂಬ ಸದ್ದು, ಬೆಂಡ್ ಮಾಡಿ ಬಿಟ್ಟ ಮೇಲೆ ತಂತಿ ಇಳಿಶ್ರುತಿಯಲ್ಲೋ ಏರುಶ್ರುತಿಯಲ್ಲೋ ನಿಲ್ಲುವುದು, ಇವು ಅದರ ಗುರುತು. ಮಕ್ಕಳ ಪೆನ್ಸಿಲಿನ ಸೀಸದ ಪುಡಿಯನ್ನು ಸೀಳಿಗೆ ತಿಕ್ಕಿ. ತಲೆಯ ಮೇಲೆ ತಂತಿಯನ್ನು ಅದುಮಿ ಹಿಡಿದಿರುವ ಸಣ್ಣ ಕೊಕ್ಕೆಯ ಅಡಿಗೂ ಸ್ವಲ್ಪ. ಖರ್ಚು ಐದು ರೂಪಾಯಿ.

ಬ್ರಿಜ್ಜಿನ ಎತ್ತರ

ಹನ್ನೆರಡನೆಯ ಫ್ರೆಟ್ಟಿನ ತಲೆಯಿಂದ ತಂತಿಯ ಅಡಿಗೆ ಅಳೆಯಬೇಕು. ತೆಳು ತಂತಿಗೆ ಸುಮಾರು 1.5 ಮಿಲಿಮೀಟರ್, ದಪ್ಪದ್ದಕ್ಕೆ ಸುಮಾರು 2. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್, ಉಬ್ಬಿದ ಅಕ್ಷರಗಳಿಲ್ಲದ ಎರಡು ಕಾರ್ಡ್ ಜೋಡಿಸಿದರೆ ಒಂದನೆಯ ತಂತಿಗೆ ಬೇಕಾದ ಅಳತೆ ಸಿದ್ಧ. ಬ್ರಿಜ್ಜಿನ ಮೇಲೆ ತಂತಿ ಕೂರುವ ತುಂಡಾದ ಸ್ಯಾಡಲ್ಲಿನ ಪುಟ್ಟ ಅಲೆನ್ ಸ್ಕ್ರೂಗಳನ್ನು ತಿರುಗಿಸುತ್ತ ಕಾರ್ಡುಗಳು ತಂತಿಯನ್ನು ಎತ್ತದೆ ಒಳಗೆ ಜಾರುವಷ್ಟಕ್ಕೆ ನಿಲ್ಲಿಸಿ.

ಇಷ್ಟು ಇಳಿಸಿದವನಿಗೆ ಇನ್ನೂ ಇಳಿಸುವ ಆಸೆ ಹುಟ್ಟುತ್ತದೆ. ಬೇಡ. ಬೆಂಡ್ ಮಾಡುವವನಿಗೆ ಬೆರಳ ತುದಿ ತಂತಿಯ ಪಕ್ಕಕ್ಕೆ ಹಿಡಿತ ಸಿಗುವಷ್ಟು ಎತ್ತರ ಬೇಕೇ ಬೇಕು. ತೀರ ತಗ್ಗಿದರೆ ತಂತಿ ಬೆರಳಿನಡಿಯಿಂದ ಜಾರುತ್ತದೆ. ಜೊತೆಗೆ ಹಳೆಯ ಮಾದರಿಯ ಗಿಟಾರುಗಳ ಪಟ್ಟಿ ಹೆಚ್ಚು ದುಂಡಗೆ ಇರುತ್ತದೆ. ತಂತಿಯನ್ನು ಪಕ್ಕಕ್ಕೆ ಎಳೆದಂತೆ ಅದು ಆ ದುಂಡಿನ ನೆತ್ತಿಗೆ ತಾಗಿ, ಸ್ವರ ಉಸಿರುಗಟ್ಟಿ ಸಾಯುತ್ತದೆ. ಹಾಗಾದರೆ ಅರ್ಧ ಸುತ್ತು ಏರಿಸಿ.

ಎತ್ತರ ಬದಲಾದ ಮೇಲೆ ಹನ್ನೆರಡನೆಯ ಫ್ರೆಟ್ಟಿನ ಸ್ವರ ಮೊಬೈಲಿನ ಟ್ಯೂನರಿನಲ್ಲಿ ಸರಿಯಿದೆಯೇ ನೋಡಿ. ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಟ್ರೆಮೊಲೊ ಮರಕ್ಕೆ ಒರಗದೆ ತೇಲುವಂತಿದ್ದರೆ ಇನ್ನೊಂದು ವಿಚಿತ್ರ ಕಾಣುತ್ತೀರಿ. ನೀವು ಒಂದು ತಂತಿ ಎಳೆದಾಗ ಬ್ರಿಜ್ ಕತ್ತಿನತ್ತ ವಾಲುತ್ತದೆ, ಸ್ವರ ಮೇಲೇರಲು ಬೆರಳು ಇನ್ನಷ್ಟು ದೂರ ಹೋಗಬೇಕಾಗುತ್ತದೆ. ಟ್ರೆಮೊಲೊದ ಸನ್ನೆಕೋಲನ್ನು ನೀವು ಬಳಸುವುದೇ ಇಲ್ಲವೆಂದರೆ ಬೆನ್ನಿನ ಸ್ಕ್ರೂಗಳನ್ನು ಬಿಗಿದು ಬ್ರಿಜ್ಜನ್ನು ಮರಕ್ಕೆ ಒರಗಿಸಿಬಿಡಿ. ಎತ್ತರವನ್ನೂ ಹನ್ನೆರಡನೆಯ ಫ್ರೆಟ್ಟಿನ ಸ್ವರವನ್ನೂ ಮತ್ತೊಮ್ಮೆ ನೋಡಬೇಕಾಗುತ್ತದೆ, ಆದರೆ ಬೆಂಡಿನ ದೂರ ಕಡಿಮೆಯಾಗುತ್ತದೆ.

ಕೈ

ಗಿಟಾರ್ ಹದವಾದ ಮೇಲೂ ಆ ಹುಡುಗ ಒಂದೇ ಬೆರಳಿನಿಂದ ತಂತಿಯನ್ನು ತಳ್ಳುತ್ತಿದ್ದ, ಮುಖ ಕೆಂಪಾಗಿಸಿಕೊಂಡು. ತೆಂಗಿನಕಾಯಿ ಸುಲಿಯುವವರನ್ನು ನೋಡಿದ್ದೀರಲ್ಲ? ಬೆರಳಿನಿಂದ ಯಾರೂ ಸಿಪ್ಪೆ ಕೀಳುವುದಿಲ್ಲ. ಕಾಯಿಯನ್ನು ಮೊನೆಗೆ ಒತ್ತಿ, ಭುಜದ ಭಾರ ಹಾಕಿ ಮಣಿಕಟ್ಟು ತಿರುಗಿಸುತ್ತಾರೆ. ಬೆಂಡ್ ಕೂಡ ಹಾಗೆಯೇ. ಉಂಗುರ ಬೆರಳು ತಂತಿಯ ಮೇಲೆ, ಅದರ ಹಿಂದೆ ಅದೇ ತಂತಿಗೆ ನಡುಬೆರಳು, ತೋರುಬೆರಳು, ಮೂರೂ ಒಟ್ಟಿಗೆ. ಹೆಬ್ಬೆರಳು ಕತ್ತಿನ ಮೇಲಂಚನ್ನು ತಬ್ಬಿಹಿಡಿಯಲಿ, ತೋರುಬೆರಳಿನ ಬುಡ ಕೆಳಅಂಚಿಗೆ ಒರಗಲಿ. ಈಗ ಬೆರಳುಗಳನ್ನು ಗಟ್ಟಿಯಾಗಿ ಇಟ್ಟುಕೊಂಡು, ಬಾಗಿಲ ಕೀಲಿ ತಿರುಗಿಸಿದಂತೆ ಮುಂಗೈಯನ್ನು ತಿರುಗಿಸಿ. ಬೆರಳು ತಳ್ಳುವುದಿಲ್ಲ, ಕೈ ತಿರುಗುತ್ತದೆ.

ಕಲಿಯುವ ಜಾಗ ಹತ್ತನೆಯ ಫ್ರೆಟ್ಟಿನ ಆಸುಪಾಸು, ಎರಡು ಅಥವಾ ಮೂರನೆಯ ತಂತಿ. ನಟ್‌ಗೆ ಹತ್ತಿರವಾದಷ್ಟೂ ತಂತಿ ಮೊಂಡು ಹಿಡಿಯುತ್ತದೆ. ಮೊದಲು ಎರಡು ಫ್ರೆಟ್ ಮೇಲಿನ ಸ್ವರವನ್ನು ನೇರವಾಗಿ ನುಡಿಸಿ ಕಿವಿಗೆ ತುಂಬಿಕೊಳ್ಳಿ. ಆಮೇಲೆ ಎರಡು ಫ್ರೆಟ್ ಕೆಳಗಿನಿಂದ ಎಳೆದು ಅಲ್ಲಿಗೆ ಮುಟ್ಟಿಸಿ. ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳ ನಮ್ಮ ವೀಣೆಯಲ್ಲಿ ವೈಣಿಕರು ಗಮಕಕ್ಕಾಗಿ ಮಾಡುವುದು ಇದನ್ನೇ: ಮೆಟ್ಟಿಲು ಒಂದೇ, ತಂತಿ ಪಕ್ಕಕ್ಕೆ ಸರಿದಂತೆ ಸ್ವರ ಏರುತ್ತದೆ. ಅಲ್ಲಿ ಎಷ್ಟು ಎಳೆಯಬೇಕೆಂದು ತಿಳಿಸುವುದು ಕಿವಿ. ಗಿಟಾರಿನ ಹುಡುಗರು ಬಲ ಇಲ್ಲದೆ ಸೋಲುವುದಕ್ಕಿಂತ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸೋಲುವುದೇ ಹೆಚ್ಚು. ದಿನಕ್ಕೆ ಹತ್ತು ನಿಮಿಷ ಸಾಕು. ಚರ್ಮ ಗುಳ್ಳೆ ಎದ್ದರೆ ಆ ದಿನಕ್ಕೆ ನಿಲ್ಲಿಸಿ. ಮಣಿಕಟ್ಟಿನ ಒಳಗೆ ನೋವು ಬಂದರೆ ಕೆಲವು ದಿನ ಗಿಟಾರ್ ಮುಟ್ಟಬೇಡಿ.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ. ಫ್ರೆಟ್ಟುಗಳು ತಂತಿಯಡಿಯಲ್ಲಿ ಗುಳಿಬಿದ್ದು ಸವೆದಿದ್ದರೆ, ಕತ್ತು ಹಗ್ಗದಂತೆ ತಿರುಚಿಕೊಂಡಿದ್ದರೆ, ಟ್ರಸ್ ರಾಡ್ ತಿರುಗಲು ಒಪ್ಪದಿದ್ದರೆ ರೈಲು ಹತ್ತಿ ಮಂಗಳೂರಿಗೆ ಹೋಗಿ, ಕೆಲಸ ಬಲ್ಲವರ ಕೈಗೆ ಕೊಡಿ. ಆ ಹುಡುಗನ ಗಿಟಾರಿಗೆ ಅಷ್ಟು ಬೇಕಾಗಲಿಲ್ಲ. ಒಂಬತ್ತರ ಸೆಟ್, ಟ್ರಸ್ ರಾಡ್ ಕಾಲು ಸುತ್ತು ಸಡಿಲ (70 ಕಿಲೋ ತಡೆಯಲು ಯಾರೋ ಅದನ್ನು ಬಿಗಿದಿಟ್ಟಿದ್ದರು), ನಟ್‌ನ ಮೂರು ಸೀಳು, ಎರಡು ದಿನದ ಪಾಲಿಶ್. ಬೆನ್ನಿನ ಮುಚ್ಚಳದ ಒಳಮೈಗೆ ಅಳತೆಗಳನ್ನೆಲ್ಲ ಬರೆದ ಚೀಟಿ ಅಂಟಿಸಿ ಕಳುಹಿಸಿದೆ: ಆಟಿ, ಏಳನೆಯ ಫ್ರೆಟ್ 0.25, ಹನ್ನೆರಡನೆಯದು 1.5 ಮತ್ತು 2. ಮಳೆ ಬಿಟ್ಟು ಹವೆ ಒಣಗಿದಾಗ ಕತ್ತಿನ ಮರ ಕದಲುತ್ತದೆ. ದೀಪಾವಳಿ ಕಳೆದ ಮೇಲೆ ಮುಚ್ಚಳ ಬಿಚ್ಚಿ ಅದೇ ಚೀಟಿಯ ಕೆಳಗೆ ಎರಡನೆಯ ಸಾಲು ಬರೆಯಬೇಕೆಂದು ಹೇಳಿದ್ದೇನೆ.